ನಿಯಮಕ್ಕೂ ತಾಲೀಮು ಬೇಕು

ಯಾರಿಗೆ ಯಾವ ಬಾಗಿಲು ತೆರೀಬೇಕು ಅನ್ನೋ ನಿಯಮಕ್ಕೆ ಸಾಫ್ಟ್‌ವೇರ್‌ನಲ್ಲಿ ‘ಪಾಲಿಸಿ’ ಅಂತಾರೆ. ಅಮೆಜಾನ್ ವೆಬ್ ಸರ್ವಿಸಸ್‌ನ ‘ಐಎಎಂ ಪಾಲಿಸಿ ಸಿಮ್ಯುಲೇಟರ್’ ಅದನ್ನು ಜಾರಿಗೆ ಮುನ್ನ ಪರೀಕ್ಷಿಸುವ ಸಾಧನ. ಅಲ್ಲಿ ನಿಯಮ ತಿದ್ದಿ ನೋಡಬಹುದು. ಅಸಲಿ ನಿಯಮ ಬದಲಾಗಲ್ಲ. ಉತ್ತರ ಮೂರು ಬಗೆ: ಅನುಮತಿ ಇದೆ, ಅನುಮತಿ ಕೊಡುವ ನಿಯಮವೇ ಇಲ್ಲ, ನಿಯಮವೇ ತಡೆದಿದೆ. ತಡೆದ ಸಾಲನ್ನೂ ತೋರಿಸುತ್ತೆ.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕಬ್ಬು ಕಡಿದು ಸವೆದ ಹೆಬ್ಬೆರಳನ್ನು ಪಡಿತರದ ಯಂತ್ರ ಒಪ್ಪದಿದ್ದರೆ? ನಮ್ಮವ್ವಗ ಸಿಕ್ಕ ಉತ್ತರ ಒಂದೇ: ‘ಬರವಲ್ದು, ನಾಳೆ ಬಾರಬೇ.’ ತಡೆದದ್ದು ಯಾವ ನಿಯಮ ಅಂತ ಯಾರೂ ಹೇಳಲಿಲ್ಲ.

ಬೆರಳು ಹೊಂದಲಿಲ್ಲವೆಂದು ಅರ್ಹರಿಗೆ ಸವಲತ್ತು ತಪ್ಪಬಾರದು ಎಂಬುದು 2018ರ ಆಧಾರ್ ತೀರ್ಪಿನಲ್ಲೇ ಇದೆ. ಸರ್ವರ್‌ಗೆ ಸಿಗೋ ಪೂರ್ವಪರೀಕ್ಷೆ, ಕಾರಣದ ಉತ್ತರ ಅವ್ವನಿಗೂ ಸಿಗಲಿ ಅಂತ ನಾನು ಕೇಳ್ತಿದ್ದೇನೆ.