ಸ್ನಾನಿಕ ಯೊವಾನ್ನರ ಹಬ್ಬ ಮತ್ತು ಮಾತಿನ ಸ್ವಾತಂತ್ರ್ಯ



ಆಗಸ್ಟ್ 29ರಂದು ಧರ್ಮಸಭೆಯು ಸ್ನಾನಿಕ ಯೊವಾನ್ನರ ರಕ್ತಸಾಕ್ಷಿ ಮರಣವನ್ನು ಸ್ಮರಿಸುತ್ತದೆ. ಮರುದಿನದಿಂದಲೇ ಮಾತೆ ಮರಿಯಮ್ಮನವರ ಜನನೋತ್ಸವದ ನವದಿನಗಳ ಪ್ರಾರ್ಥನೆ ಶುರುವಾಗುವುದರಿಂದ ಧ್ವಜ, ದೀಪದ ಸರ, ತೇರಿನ ಅಲಂಕಾರಗಳ ಗಡಿಬಿಡಿಯಲ್ಲಿ ಈ ದಿನ ನಮ್ಮ ಗಮನಕ್ಕೆ ಬರುವುದು ಕಡಿಮೆ. ಬೆಳಗಿನ ಪೂಜೆಗೆ ಹತ್ತು ಹದಿನೈದು ಜನ ಬಂದರೆ ಹೆಚ್ಚು. ಆದರೆ ಆ ದಿನ ಓದುವ ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯವನ್ನು ಒಮ್ಮೆ ಮನೆಯಲ್ಲಿ ನಿಧಾನವಾಗಿ ಓದಿ ನೋಡಿ. ಸಹೋದರನಿಗೆ ಹೆಂಡತಿಯಾಗಿದ್ದವಳನ್ನು ತಂದಿಟ್ಟುಕೊಂಡ ಅರಸ ಹೆರೋದನಿಗೆ ಯೊವಾನ್ನರು ಇದು ಸರಿಯಲ್ಲವೆಂದು ಮುಖಕ್ಕೆ ಹೇಳಿದರು. ಅರಸ ಅವರನ್ನು ಸೆರೆಗೆ ಹಾಕಿದ. ಅಚ್ಚರಿಯ ಸಂಗತಿ ಎಂದರೆ, ಅದೇ ಅರಸನಿಗೆ ಯೊವಾನ್ನರ ಮಾತು ಕೇಳುವುದು ಇಷ್ಟವಾಗಿತ್ತು ಎಂದು ಮಾರ್ಕನು ಬರೆಯುತ್ತಾನೆ! ಕೇಳಿ ಗಲಿಬಿಲಿಗೊಳ್ಳುತ್ತಿದ್ದ, ಆದರೂ ಕೇಳುತ್ತಿದ್ದ. ಕೊನೆಗೆ ಹುಟ್ಟುಹಬ್ಬದ ಔತಣದಲ್ಲಿ, ಅತಿಥಿಗಳ ಮುಂದೆ ಮಾನ ಹೋದೀತೆಂದು ಅವರ ತಲೆ ತೆಗೆಸಿದ.

ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಇದೇ ಘಟನೆಯನ್ನು ಬೇರೊಂದು ಕಡೆಯಿಂದ ನೋಡಿದ್ದಾನೆ. ಅವನ ಪ್ರಕಾರ ಹೆರೋದನಿಗಿದ್ದ ಭಯ ರಾಜಕೀಯದ್ದು. ಯೊವಾನ್ನರ ಮಾತಿಗೆ ಜನ ಗುಂಪುಗುಂಪಾಗಿ ಸೇರುತ್ತಿದ್ದರು, ಅವರು ಏನು ಹೇಳಿದರೂ ಮಾಡಲು ಸಿದ್ಧರಿದ್ದರು. ದಂಗೆ ಏಳುವ ಮೊದಲೇ ಬಾಯಿ ಮುಚ್ಚಿಸುವುದು ಒಳ್ಳೆಯದೆಂದು ಅರಸ ಅವರನ್ನು ಮೃತಸಮುದ್ರದ ಪೂರ್ವಕ್ಕಿರುವ ಮೆಕೇರಸ್ ಕೋಟೆಗೆ ಕಳಿಸಿದ. ಇಂದಿನ ಪೊಲೀಸ್ ಭಾಷೆಯಲ್ಲಿ ಇದಕ್ಕೆ ಮುಂಜಾಗ್ರತಾ ಬಂಧನ ಎಂದು ಹೆಸರು.

ನಮ್ಮ ಧರ್ಮಕೇಂದ್ರದ ಯುವಜನರ ಕೂಟದಲ್ಲಿ ಒಂದು ದಿನ ದೊಡ್ಡ ವಾದವೇ ನಡೆಯಿತು. ಪ್ಯಾರಿಸ್ಸಿನ 'ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್' ಸಂಸ್ಥೆ ವರ್ಷವರ್ಷ ಹೊರಡಿಸುವ ಪತ್ರಿಕಾ ಸ್ವಾತಂತ್ರ್ಯದ ಪಟ್ಟಿಯನ್ನು ಒಬ್ಬ ಹುಡುಗ ತಂದಿದ್ದ. 2025ರ ಪಟ್ಟಿಯಲ್ಲಿ 180 ದೇಶಗಳ ಪೈಕಿ ನಾರ್ವೆಗೆ ಮೊದಲನೆಯ ಸ್ಥಾನ, ನಮಗೆ 151ನೆಯದು. ಅರ್ಧ ಜನ ಇದು ವಿದೇಶಿಯರ ಪಕ್ಷಪಾತ ಎಂದರು, ಅರ್ಧ ಜನ ಇದೇ ಸತ್ಯ ಎಂದರು. ನಮ್ಮನ್ನೂ ಕೇಳಿದರು. ಅಂಕ ಕೊಟ್ಟು ದೇಶಗಳನ್ನು ಸಾಲಾಗಿ ನಿಲ್ಲಿಸುವುದರಿಂದ ಉಪಯೋಗ ಇಲ್ಲವೆಂದಲ್ಲ. ಆದರೆ ಬಾಯಿ ಮುಚ್ಚಿಸುವ ರೀತಿ ಒಂದೊಂದು ನಾಡಿನಲ್ಲಿ ಒಂದೊಂದು ತರಹ. ಅದು ಅಂಕದಲ್ಲಿ ಕಾಣುವುದಿಲ್ಲ, ಇತಿಹಾಸದಲ್ಲಿ ಕಾಣುತ್ತದೆ. ಆದ್ದರಿಂದ ಆಗ ಕಥೋಲಿಕರೇ ಬಹುಸಂಖ್ಯಾತರಾಗಿದ್ದ ಮೂರು ದೇಶಗಳ ಕಥೆಯನ್ನು ಅವರಿಗೆ ಹೇಳಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದು ಪೋಲೆಂಡ್. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಕಮ್ಯುನಿಸ್ಟ್ ಆಡಳಿತ ಬಂತು. 1952ರ ಅವರ ಸಂವಿಧಾನದಲ್ಲಿ ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ ಎಲ್ಲವೂ ಬರೆದಿತ್ತು. ಅದೇ ಹೊತ್ತಿಗೆ ರಾಜಧಾನಿ ವಾರ್ಸಾದ ಮಿಶಾ ಬೀದಿಯಲ್ಲಿ ಸರ್ಕಾರದ ಸೆನ್ಸಾರ್ ಕಚೇರಿಯೂ ಇತ್ತು. ಆ ಬೀದಿಯ ಹೆಸರಿನ ಅರ್ಥ ಇಲಿ ಬೀದಿ ಎಂದು; ಕಾಗದ ಕಡಿಯುವ ಕಚೇರಿಗೆ ಒಪ್ಪುವ ವಿಳಾಸವೇ ಸರಿ. ಅಚ್ಚಾಗುವ ಪ್ರತಿಯೊಂದೂ ಮೊದಲು ಅಲ್ಲಿಯ ಅಧಿಕಾರಿಗಳ ಕಣ್ಣಿಗೆ ಬೀಳಬೇಕಿತ್ತು.

ಕ್ರಾಕೋವ್ ನಗರದಲ್ಲಿ 1945ರಲ್ಲಿ ಆರಂಭವಾದ 'ತಿಗೊದ್ನಿಕ್ ಪೊವ್ಶೆಖ್ನಿ' ಎಂಬ ಕಥೋಲಿಕ ವಾರಪತ್ರಿಕೆ ಇತ್ತು. 1953ರ ಮಾರ್ಚ್‌ನಲ್ಲಿ ರಷ್ಯಾದ ಸ್ಟಾಲಿನ್ ಸತ್ತಾಗ ಎಲ್ಲ ಪತ್ರಿಕೆಗಳೂ ಅವನನ್ನು ಕೊಂಡಾಡಿ ಶ್ರದ್ಧಾಂಜಲಿ ಬರೆದವು. ಸಂಪಾದಕ ಯೆರ್ಜಿ ತುರೊವಿಚ್ ಮತ್ತು ಅವರ ಬಳಗದವರು ಬರೆಯಲಿಲ್ಲ. ಅವರು ಸ್ಟಾಲಿನ್ನನನ್ನು ಬೈದೂ ಬರೆಯಲಿಲ್ಲ, ಸುಮ್ಮನೆ ಹೊಗಳಲಿಲ್ಲ ಅಷ್ಟೆ. ಪತ್ರಿಕೆಯನ್ನು ಅವರ ಕೈಯಿಂದ ಕಿತ್ತು ಸರ್ಕಾರದ ಪರವಾಗಿದ್ದವರಿಗೆ ಕೊಡಲಾಯಿತು. ಅವರಿಗೆ ಅದು ಮರಳಿ ಸಿಕ್ಕಿದ್ದು 1956ರ ಕೊನೆಗೆ. ಮುಂದೆ ಜಗದ್ಗುರು ಎರಡನೇ ಜಾನ್ ಪಾಲ್ ಆದ ಕಾರೊಲ್ ವೊಯ್ತಿವಾ ಎಂಬ ಯುವಗುರು ಲೇಖನ ಬರೆಯುತ್ತಿದ್ದುದು ಇದೇ ಪತ್ರಿಕೆಗೆ.

1980ರ ಆಗಸ್ಟ್‌ನಲ್ಲಿ ಗ್ಡಾನ್ಸ್ಕ್ ಹಡಗುಕಟ್ಟೆಯ ಕಾರ್ಮಿಕರು ಮುಷ್ಕರ ಹೂಡಿ ತಮ್ಮ 21 ಬೇಡಿಕೆಗಳನ್ನು ಹಲಗೆಯ ಮೇಲೆ ಬರೆದು ಗೇಟಿಗೆ ತೂಗುಹಾಕಿದರು. ಅದರಲ್ಲಿ ಮೂರನೆಯದು, ಸಂವಿಧಾನದಲ್ಲಿ ಈಗಾಗಲೇ ಕೊಟ್ಟಿರುವ ಮಾತಿನ ಮತ್ತು ಮುದ್ರಣದ ಸ್ವಾತಂತ್ರ್ಯವನ್ನು ಪಾಲಿಸಿ, ಎಲ್ಲ ಧರ್ಮದವರಿಗೂ ಪ್ರಸಾರ ಮಾಧ್ಯಮದಲ್ಲಿ ಜಾಗ ಕೊಡಿ ಎಂಬುದಾಗಿತ್ತು. ಹೊಸದೇನನ್ನೂ ಅವರು ಕೇಳಲಿಲ್ಲ ನೋಡಿ. ಬರೆದದ್ದನ್ನು ನಡೆಸಿ ಎಂದರು. ಸೆಪ್ಟೆಂಬರ್ 21ರಿಂದ ವಾರ್ಸಾದ ಪವಿತ್ರ ಶಿಲುಬೆಯ ದೇವಾಲಯದ ಭಾನುವಾರದ ಬಲಿಪೂಜೆ ರೇಡಿಯೋದಲ್ಲಿ ಕೇಳಿಬಂತು. ಸಂಬಳ ಹೆಚ್ಚಿಸಿ ಎಂದು ಕೇಳುವ ಕಾರ್ಮಿಕರು ಹಾಸಿಗೆ ಹಿಡಿದ ಅಜ್ಜಿಯರಿಗೂ ಪೂಜೆ ಕೇಳಿಸಬೇಕೆಂದು ಪಟ್ಟು ಹಿಡಿದದ್ದು ಬೇರೆ ಎಲ್ಲೂ ನಡೆದದ್ದು ನಮಗೆ ನೆನಪಿಲ್ಲ.

ಮರುವರ್ಷ ಡಿಸೆಂಬರ್ 13ರಂದು ಸೈನಿಕ ಆಡಳಿತ ಹೇರಿದರು. ಆಗ ವಾರ್ಸಾದ ಸಂತ ಸ್ಟಾನಿಸ್ಲಾಸ್ ಕೊಸ್ಕಾ ದೇವಾಲಯದಲ್ಲಿ ಫಾದರ್ ಜೆರ್ಜಿ ಪೊಪಿಯೆಲುಸ್ಕೊ ಎಂಬ ಆರೋಗ್ಯ ಅಷ್ಟೇನೂ ಸರಿಯಿಲ್ಲದ ಯುವಗುರು ತಿಂಗಳಿಗೊಮ್ಮೆ ನಾಡಿಗಾಗಿ ಪೂಜೆ ಅರ್ಪಿಸಿ ಪ್ರಬೋಧನೆ ಮಾಡುತ್ತಿದ್ದರು. ಸಾವಿರಾರು ಜನ ಬೀದಿಯಲ್ಲಿ ನಿಂತು ಕೇಳುತ್ತಿದ್ದರು. 1984ರ ಅಕ್ಟೋಬರ್ 19ರಂದು ಗುಪ್ತ ಪೊಲೀಸರು ಅವರನ್ನು ಅಪಹರಿಸಿ, ಹೊಡೆದು, ಕೈಕಾಲು ಕಟ್ಟಿ ವಿಸ್ತುಲಾ ನದಿಯ ಜಲಾಶಯಕ್ಕೆ ಎಸೆದರು. ಅವರಿಗೆ ಆಗ 37 ವರ್ಷ. 2010ರಲ್ಲಿ ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿತು. ಮಿಶಾ ಬೀದಿಯ ಕತ್ತರಿ ಅಚ್ಚಿನ ಕಾಗದಕ್ಕೆ ಎಟುಕುತ್ತಿತ್ತು, ಪ್ರಬೋಧನೆಗೆ ಎಟುಕುತ್ತಿರಲಿಲ್ಲ.

ಎರಡನೆಯದು ಮಧ್ಯ ಅಮೆರಿಕದ ಪುಟ್ಟ ದೇಶ ಎಲ್ ಸಾಲ್ವಡಾರ್. ಇಲ್ಲಿ ಕಮ್ಯುನಿಸ್ಟರ ಆಡಳಿತ ಇರಲಿಲ್ಲ, ಕಮ್ಯುನಿಸಂ ಬರದಂತೆ ತಡೆಯುತ್ತೇವೆ ಎಂದು ಹೇಳಿಕೊಳ್ಳುವವರ ಆಡಳಿತ ಇತ್ತು. ಕಾಫಿ ತೋಟಗಳ ಒಡೆಯರಾದ ಕೆಲವೇ ಮನೆತನಗಳ ಕೈಯಲ್ಲಿ ಭೂಮಿ, ಸೈನ್ಯದ ಕೈಯಲ್ಲಿ ಸರ್ಕಾರ. ಕೊಲೆಯಾದ ರೈತರ, ಕಾಣೆಯಾದ ವಿದ್ಯಾರ್ಥಿಗಳ ಸುದ್ದಿ ದೊಡ್ಡ ಪತ್ರಿಕೆಗಳಲ್ಲಿ ಬರುತ್ತಿರಲಿಲ್ಲ.

1977ರಲ್ಲಿ ಸಾನ್ ಸಾಲ್ವಡಾರ್‌ಗೆ ಮಹಾಧರ್ಮಾಧ್ಯಕ್ಷರಾಗಿ ಬಂದ ಆಸ್ಕರ್ ರೊಮೇರೊ ಅವರು ಪುಸ್ತಕದ ಹುಳು, ಯಾರ ತಂಟೆಗೂ ಹೋಗದವರು ಎಂದು ಶ್ರೀಮಂತರು ಸಮಾಧಾನಪಟ್ಟಿದ್ದರು. ಮೂರು ವಾರ ಕಳೆಯುವಷ್ಟರಲ್ಲಿ, ಮಾರ್ಚ್ 12ರಂದು, ಅವರ ಸ್ನೇಹಿತ ಯೇಸುಸಭೆಯ ಫಾದರ್ ರುತಿಲಿಯೊ ಗ್ರಾಂದೆಯವರನ್ನು ಗುಂಡಿಟ್ಟು ಕೊಂದರು. ಅಲ್ಲಿಂದ ರೊಮೇರೊ ಬದಲಾದರು. ಭಾನುವಾರದ ಅವರ ಪ್ರಬೋಧನೆ ಮಹಾಧರ್ಮಕ್ಷೇತ್ರದ ವೈ.ಎಸ್.ಎ.ಎಕ್ಸ್. ರೇಡಿಯೋದಲ್ಲಿ ಪ್ರಸಾರವಾಗುತ್ತಿತ್ತು. ಒಂದು ಗಂಟೆಗೂ ಮೀರುತ್ತಿತ್ತು. (ನಮ್ಮಲ್ಲಿ ಹದಿನೈದು ನಿಮಿಷ ದಾಟಿದರೆ ಗಡಿಯಾರ ನೋಡುವವರಿದ್ದಾರೆ.) ಮೊದಲು ಆ ದಿನದ ವಾಚನಗಳ ವಿವರಣೆ, ಬಳಿಕ ಆ ವಾರದ ಸುದ್ದಿ. ಯಾವ ಊರಿನಲ್ಲಿ ಯಾರನ್ನು ಹಿಡಿದೊಯ್ದರು, ಯಾರ ಹೆಣ ಸಿಕ್ಕಿತು ಎಂದು ಹೆಸರು ಹಿಡಿದು ಓದುತ್ತಿದ್ದರು. ಮಹಾಧರ್ಮಕ್ಷೇತ್ರದ ಕಾನೂನು ನೆರವಿನ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡೇ ಓದುತ್ತಿದ್ದರು. ಎಡಪಂಥದ ಗುಂಪುಗಳು ಜನರನ್ನು ಅಪಹರಿಸಿದಾಗ ಅದನ್ನೂ ಖಂಡಿಸುತ್ತಿದ್ದರು. ಮಗ ಎಲ್ಲಿ ಹೋದನೆಂದು ತಿಳಿಯದೆ ಕಾಯುವ ತಾಯಿಗೆ ಆ ರೇಡಿಯೋದಲ್ಲಿ ಅವನ ಹೆಸರು ಕೇಳುವುದೆಂದರೆ, ಇಡೀ ನಾಡು ತನ್ನ ಜೊತೆ ಅತ್ತಂತೆ.

ಇಲ್ಲಿ ಬಾಯಿ ಮುಚ್ಚಿಸಲು ಬಳಸಿದ್ದು ಕತ್ತರಿಯನ್ನಲ್ಲ. 1980ರ ಫೆಬ್ರವರಿಯಲ್ಲಿ ರೇಡಿಯೋ ಕೇಂದ್ರಕ್ಕೆ ಬಾಂಬಿಟ್ಟರು. ರಿಪೇರಿ ಮಾಡಿ ಮತ್ತೆ ಪ್ರಸಾರ ಶುರು ಮಾಡಿದರು. ಮಾರ್ಚ್ 23ರ ಭಾನುವಾರ ರೊಮೇರೊ ಅವರು ಸೈನಿಕರನ್ನು ಉದ್ದೇಶಿಸಿ, ನೀವು ಕೊಲ್ಲುತ್ತಿರುವುದು ನಿಮ್ಮದೇ ರೈತ ಸಹೋದರರನ್ನು, ದೇವರ ಆಜ್ಞೆಗೆ ವಿರುದ್ಧವಾದ ಅಪ್ಪಣೆಯನ್ನು ಪಾಲಿಸಬೇಕಾಗಿಲ್ಲ ಎಂದು ಹೇಳಿದರು. ಮರುದಿನ ಸಂಜೆ ಕ್ಯಾನ್ಸರ್ ಆಸ್ಪತ್ರೆಯ ಚಿಕ್ಕ ಪ್ರಾರ್ಥನಾಲಯದಲ್ಲಿ ಬಲಿಪೂಜೆ ಅರ್ಪಿಸುತ್ತಿರುವಾಗ ಒಂದೇ ಗುಂಡು. ಕೊಲೆಗೆ ಅಪ್ಪಣೆ ಕೊಟ್ಟವನು ಮಾಜಿ ಸೇನಾಧಿಕಾರಿ ರಾಬರ್ಟೊ ದೊಬಿಸೊನ್ ಎಂದು ವಿಶ್ವಸಂಸ್ಥೆಯ ಸತ್ಯಶೋಧನಾ ಆಯೋಗ 1993ರಲ್ಲಿ ಹೇಳಿತು. ಅಷ್ಟರಲ್ಲಿ ಆತ ಸತ್ತು ಒಂದು ವರ್ಷ ದಾಟಿತ್ತು. 2018ರ ಅಕ್ಟೋಬರ್ 14ರಂದು ಜಗದ್ಗುರು ಫ್ರಾನ್ಸಿಸ್ ಅವರು ರೊಮೇರೊ ಅವರನ್ನು ಸಂತರೆಂದು ಘೋಷಿಸಿದರು.

ಮೂರನೆಯದು ಫಿಲಿಪ್ಪೀನ್ಸ್. ಇದು ನಿಮ್ಮಲ್ಲಿ ಹಲವರಿಗೆ ಗೊತ್ತಿರುವ ಕಥೆ. 1972ರಲ್ಲಿ ಅಧ್ಯಕ್ಷ ಮಾರ್ಕೋಸ್ ಸೈನಿಕ ಕಾನೂನು ಹೇರಿ ಪತ್ರಿಕೆಗಳನ್ನು ಮುಚ್ಚಿಸಿದ. ಆಮೇಲೆ ಪತ್ರಿಕೆ ತೆರೆಯಲು ಅನುಮತಿ ಸಿಕ್ಕಿದ್ದು ಬಹುಮಟ್ಟಿಗೆ ಅವನ ನೆಂಟರಿಷ್ಟರಿಗೆ. 1986ರ ಫೆಬ್ರವರಿ 22ರ ರಾತ್ರಿ ಕಾರ್ಡಿನಲ್ ಸಿನ್ ಅವರು ಧರ್ಮಸಭೆಯ ರೇಡಿಯೋ ವೆರಿತಾಸ್ ಮೂಲಕ, ಮಾರ್ಕೋಸನ ವಿರುದ್ಧ ತಿರುಗಿನಿಂತ ಸೈನಿಕರಿಗೆ ಬೆಂಬಲ ಕೊಡಲು ಬೀದಿಗೆ ಬನ್ನಿ ಎಂದು ಜನರನ್ನು ಕರೆದರು. ಮರುದಿನ ಸೈನಿಕರು ಅದರ ಟ್ರಾನ್ಸ್‌ಮಿಟರ್ ಒಡೆದುಹಾಕಿದರು. ಪ್ರಸಾರ ಬೇರೊಂದು ಕೇಂದ್ರದಿಂದ ಮುಂದುವರಿಯಿತು. ಜಪಸರ ಹಿಡಿದ ಕನ್ಯಾಸ್ತ್ರೀಯರು ಟ್ಯಾಂಕಿನ ಮುಂದೆ ಮೊಣಕಾಲೂರಿದರು. 25ರಂದು ಮಾರ್ಕೋಸ್ ಓಡಿಹೋದ. ಇಲ್ಲಿಗೆ ಕಥೆ ಮುಗಿಯಿತು ಎಂದು ನಾವು ಗುರುಮಠದಲ್ಲಿ ಓದುವಾಗ ತಿಳಿದಿದ್ದೆವು. ಮುಗಿಯಲಿಲ್ಲ. 2021ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಆ ನಾಡಿನ ಪತ್ರಕರ್ತೆ ಮರಿಯಾ ರೆಸ್ಸಾ ಆಗಲೂ ಕೋರ್ಟು ಕೇಸುಗಳಿಗೆ ಅಲೆಯುತ್ತಿದ್ದರು. 2022ರಲ್ಲಿ ಅಲ್ಲಿಯ ಜನ ಅದೇ ಮಾರ್ಕೋಸನ ಮಗನನ್ನು ಅಧ್ಯಕ್ಷನಾಗಿ ಆರಿಸಿದರು.

ಹಾಗಾದರೆ ನಾವು? ನಮ್ಮ ಸಂವಿಧಾನದ 19ನೆಯ ವಿಧಿಯಲ್ಲೂ ವಾಕ್ ಸ್ವಾತಂತ್ರ್ಯ ಬರೆದಿದೆ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ದೆಹಲಿಯ ಪತ್ರಿಕಾ ಕಚೇರಿಗಳ ಕರೆಂಟನ್ನೇ ತೆಗೆದರು. 28ರಂದು 'ಇಂಡಿಯನ್ ಎಕ್ಸ್‌ಪ್ರೆಸ್' ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಹೊರಬಂತು. ಮಂಗಳೂರಿನ ಕಥೋಲಿಕ ಮನೆತನದಲ್ಲಿ ಹುಟ್ಟಿ, ಗುರುವಾಗಲೆಂದು ಬೆಂಗಳೂರಿನ ಗುರುಮಠ ಸೇರಿ, ಅದನ್ನು ಬಿಟ್ಟು ಕಾರ್ಮಿಕ ನಾಯಕರಾದ ಜಾರ್ಜ್ ಫರ್ನಾಂಡಿಸ್ ಆಗ ಭೂಗತರಾಗಿದ್ದರು. ಅವರು ಎಲ್ಲಿದ್ದಾರೆ ಹೇಳು ಎಂದು 1976ರ ಮೇ 1ರಂದು ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಪೊಲೀಸರು ಹಿಡಿದು ಚಿತ್ರಹಿಂಸೆ ಕೊಟ್ಟರು. ಕಲಾವಿದೆ ಸ್ನೇಹಲತಾ ರೆಡ್ಡಿ ಬೆಂಗಳೂರು ಸೆರೆಮನೆಯಲ್ಲಿ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆ 21 ತಿಂಗಳಲ್ಲಿ ಭಾನುವಾರದ ಪೂಜೆಯಲ್ಲಿ ಇವುಗಳ ಬಗ್ಗೆ ಏನು ಕೇಳಿದಿರಿ ಎಂದು ನಿಮ್ಮ ಮನೆಯ ಹಿರಿಯರನ್ನು ವಿಚಾರಿಸಿ ನೋಡಿ.

ಇದು ಹಳೆಯ ಮಾತಾಯಿತು ಎನ್ನುವವರಿಗೆ ಇನ್ನೊಂದು ಹೆಸರು ಸಾಕು. ಹಿಂದೆ ಬೆಂಗಳೂರಿನ ಭಾರತೀಯ ಸಾಮಾಜಿಕ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದ್ದ, ಬಳಿಕ ಜಾರ್ಖಂಡಿನ ಆದಿವಾಸಿಗಳ ಪರ ಮಾತಾಡುತ್ತಿದ್ದ ಯೇಸುಸಭೆಯ ಫಾದರ್ ಸ್ಟಾನ್ ಸ್ವಾಮಿಯವರನ್ನು 83ನೆಯ ವಯಸ್ಸಿನಲ್ಲಿ, 2020ರ ಅಕ್ಟೋಬರ್‌ನಲ್ಲಿ ಬಂಧಿಸಲಾಯಿತು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಅವರು ನೀರು ಕುಡಿಯಲು ಸ್ಟ್ರಾ ಬೇಕೆಂದು ನ್ಯಾಯಾಲಯವನ್ನು ಕೇಳಬೇಕಾಯಿತು. 2021ರ ಜುಲೈ 5ರಂದು, ವಿಚಾರಣೆ ಶುರುವಾಗುವ ಮೊದಲೇ, ಬಂಧನದಲ್ಲಿದ್ದಂತೆಯೇ ಪ್ರಾಣ ಬಿಟ್ಟರು.

ಬೇರೆಯವರ ಕಡೆ ಬೆರಳು ತೋರಿಸುವಾಗ ನಮ್ಮ ಮನೆಯ ಕಥೆ ಮುಚ್ಚಿಡುವುದು ಸರಿಯಲ್ಲ. 1832ರಲ್ಲಿ ಜಗದ್ಗುರು ಹದಿನಾರನೇ ಗ್ರೆಗರಿ ಪತ್ರಿಕಾ ಸ್ವಾತಂತ್ರ್ಯವನ್ನು ಕಟುವಾಗಿ ಖಂಡಿಸಿ ವಿಶ್ವಪತ್ರ ಬರೆದರು. ಓದಬಾರದ ಪುಸ್ತಕಗಳ ಪಟ್ಟಿ 1966ರವರೆಗೆ ನಮ್ಮಲ್ಲಿ ಜಾರಿಯಲ್ಲಿತ್ತು. ಧಾರ್ಮಿಕ ಸ್ವಾತಂತ್ರ್ಯ ಮನುಷ್ಯನ ಹಕ್ಕು ಎಂದು ಬರೆಯುತ್ತಿದ್ದ ಅಮೆರಿಕದ ಯೇಸುಸಭೆಯ ಗುರು ಜಾನ್ ಕರ್ಟ್ನಿ ಮರ್ರಿಯವರಿಗೆ 1950ರ ದಶಕದಲ್ಲಿ ಮೇಲಿನವರು ಆ ವಿಷಯದಲ್ಲಿ ಬರೆಯಬೇಡಿ ಎಂದು ಹೇಳಿದರು. ಅವರು ಸುಮ್ಮನಾದರು. 1963ರಲ್ಲಿ ಜಗದ್ಗುರು ಇಪ್ಪತ್ತಮೂರನೇ ಜಾನ್ ತಮ್ಮ ಶಾಂತಿಯ ವಿಶ್ವಪತ್ರದಲ್ಲಿ ಅಭಿಪ್ರಾಯ ಹೇಳುವ ಸ್ವಾತಂತ್ರ್ಯವನ್ನು ಮನುಷ್ಯನ ಹಕ್ಕುಗಳ ಸಾಲಿಗೆ ಸೇರಿಸಿದರು. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ ಹೊರಡಿಸಿತು. ಅದರ ಕರಡು ತಯಾರಿಸಿದವರಲ್ಲಿ ಮುಖ್ಯರು ಅದೇ ಮರ್ರಿ! ಆ ಸಭೆಯಲ್ಲಿ ಸ್ವಾತಂತ್ರ್ಯದ ಪರ ಮಾತಾಡಿದವರಲ್ಲಿ ಮಿಶಾ ಬೀದಿಯ ಕತ್ತರಿಯ ರುಚಿ ಕಂಡಿದ್ದ ಕ್ರಾಕೋವ್‌ನ ಮಹಾಧರ್ಮಾಧ್ಯಕ್ಷ ವೊಯ್ತಿವಾ ಕೂಡ ಒಬ್ಬರು.

ಯುವಜನರಿಗೆ ಇಷ್ಟೆಲ್ಲ ಹೇಳಿದ ಮೇಲೆ ಒಬ್ಬ ಹುಡುಗಿ, "ಸ್ವಾಮಿ, ನಿಮ್ಮನ್ನು ಯಾರಾದರೂ ತಡೆದಿದ್ದಾರಾ?" ಎಂದು ಕೇಳಿದಳು. ಇಲ್ಲ ಎಂದೆವು. ಅದು ಪೂರ್ತಿ ನಿಜವಲ್ಲ ಎಂದು ರಾತ್ರಿ ನೆನಪಾಯಿತು. ಹಿಂದೆ ಒಂದು ಊರಿನ ಹಬ್ಬದಲ್ಲಿ, ಹೊಳೆಯ ಮರಳು ಸಾಗಿಸುವವರ ಬಗ್ಗೆ, ಅವರಿಂದ ಬಾವಿ ಬತ್ತಿದ ಮನೆಗಳ ಬಗ್ಗೆ ಒಂದು ಪುಟ ಬರೆದುಕೊಂಡು ಹೋಗಿದ್ದೆವು. ಮುಂದಿನ ಸಾಲಿನಲ್ಲಿ ಊರಿನ ಮುಖಂಡರೊಬ್ಬರು ಶಾಲು ಹೊದ್ದು ಕೂತಿದ್ದರು. ಹಬ್ಬಕ್ಕೆ ಕೈಬಿಚ್ಚಿ ಸಹಾಯ ಮಾಡಿದವರು. ಯಾರೂ ನಮಗೆ ಏನೂ ಹೇಳಲಿಲ್ಲ. ಯಾವ ಕಚೇರಿಯೂ ಕತ್ತರಿ ಹಿಡಿದು ನಿಂತಿರಲಿಲ್ಲ. ನಾವೇ ಆ ಪುಟವನ್ನು ಮಡಚಿ ಜೇಬಿಗೆ ಹಾಕಿ, ಪರಸ್ಪರ ಪ್ರೀತಿಯ ಬಗ್ಗೆ ಹತ್ತು ನಿಮಿಷ ಮಾತಾಡಿ ಮುಗಿಸಿದೆವು. ಪೂಜೆಯ ನಂತರ ಆ ಮುಖಂಡರು ಬಂದು ಕೈ ಹಿಡಿದು, ಪ್ರಬೋಧನೆ ಬಹಳ ಇಷ್ಟವಾಯಿತು ಎಂದರು. ಬಾವಿ ಬತ್ತಿದ ಮನೆಯವರು ಹಿಂದಿನ ಸಾಲಿನಲ್ಲಿದ್ದರು. ಅವರು ಏನೂ ಹೇಳದೆ ಹೋದರು.

ಮುಂದಿನ ವಾರದ ಕೂಟದಲ್ಲಿ ಇದನ್ನು ಆ ಹುಡುಗಿಗೆ ಹೇಳಿದೆವು. "ಆ ಪುಟ ಇದೆಯಾ?" ಎಂದಳು. ಇದೆ. ಈ 29ರ ಬೆಳಗಿನ ಪೂಜೆಯಲ್ಲಿ ಓದುತ್ತೇವೆ.