ಕರ್ನಾಟಕದಲ್ಲಿ ದೃಶ್ಯ ಮತ್ತು ಪ್ರದರ್ಶಕ ಕಲೆಗಳ ಪದವಿ ಶಿಕ್ಷಣ

ದೃಶ್ಯ ಮತ್ತು ಪ್ರದರ್ಶಕ ಕಲೆಗಳ ಪದವಿ ಶಿಕ್ಷಣವು ಚಿತ್ರಕಲೆ, ಶಿಲ್ಪಕಲೆ, ಸಂಗೀತ, ನೃತ್ಯ ಮತ್ತು ನಾಟಕಗಳನ್ನು ಮುಖ್ಯ ವಿಷಯವಾಗಿ ಬೋಧಿಸುವ ಉನ್ನತ ಶಿಕ್ಷಣದ ಒಂದು ಶಾಖೆಯಾಗಿದೆ. ಕರ್ನಾಟಕದಲ್ಲಿ ಈ ಕಲೆಗಳನ್ನು ಕಲಿಸುವ ಸಂಸ್ಥೆಗಳು ಪದವಿ, ಡಿಪ್ಲೊಮಾ ಅಥವಾ ಪ್ರಮಾಣಪತ್ರವನ್ನು ನೀಡುತ್ತವೆ. ಸ್ನಾತಕೋತ್ತರ ಪ್ರವೇಶ ಹಾಗೂ ಬೋಧಕ ಹುದ್ದೆಗಳಲ್ಲಿ ಇವುಗಳ ಮಾನ್ಯತೆ ಒಂದೇ ಆಗಿರುವುದಿಲ್ಲವಾದ್ದರಿಂದ ಕಾಲೇಜಿನ ಆಯ್ಕೆಯಲ್ಲಿ ಈ ವ್ಯತ್ಯಾಸಕ್ಕೆ ವಿಶೇಷ ಮಹತ್ವವಿದೆ.

ಹಿನ್ನೆಲೆ

ಸಂಗೀತ ಮತ್ತು ನೃತ್ಯಗಳು ದೀರ್ಘಕಾಲ ಗುರುಶಿಷ್ಯ ಪರಂಪರೆಯಲ್ಲಿಯೇ ಬೆಳೆದವು. ಉನ್ನತ ಕಲಾಶಿಕ್ಷಣಕ್ಕಾಗಿ ಕಲಾವಿದರು ಹೊರ ಪ್ರಾಂತಗಳಿಗೆ ತೆರಳುತ್ತಿದ್ದರು. ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿಯೂ, ಕೆ. ಕೆ. ಹೆಬ್ಬಾರರು ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿಯೂ ಅಭ್ಯಾಸ ಮಾಡಿದರು.

ಪ್ರಮುಖ ಸಂಸ್ಥೆಗಳು

ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು, 1906ರಲ್ಲಿ ಶಂಕುಸ್ಥಾಪನೆಗೊಂಡ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಪರಂಪರೆಗೆ ಸೇರಿದುದು. ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಕರ್ನಾಟಕ ಚಿತ್ರಕಲಾ ಪರಿಷತ್ತು 1983ರಲ್ಲಿ ಲಲಿತಕಲಾ ಕಾಲೇಜನ್ನು ಆರಂಭಿಸಿತು. ದಾವಣಗೆರೆ ಮತ್ತು ಕಲಬುರಗಿಗಳಲ್ಲಿಯೂ ದೃಶ್ಯಕಲಾ ಕಾಲೇಜುಗಳಿವೆ.

ಪ್ರದರ್ಶಕ ಕಲೆಗಳಿಗೆ ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು ಹಾಗೂ ಮೈಸೂರಿನಲ್ಲಿಯೇ ಇರುವ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಪ್ರಮುಖವಾದವು. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರವು (1980) ಒಂದು ವರ್ಷದ ಡಿಪ್ಲೊಮಾ ನೀಡುತ್ತದೆ.

ಪದವಿ ಮತ್ತು ಡಿಪ್ಲೊಮಾ

1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಾಯಿದೆಯ 22ನೆಯ ಪ್ರಕರಣದ ಪ್ರಕಾರ, ಕಾನೂನಿನ ಮೂಲಕ ಸ್ಥಾಪಿತವಾದ ವಿಶ್ವವಿದ್ಯಾಲಯ, ಪರಿಗಣಿತ ವಿಶ್ವವಿದ್ಯಾಲಯ ಅಥವಾ ಸಂಸತ್ತಿನ ಕಾಯಿದೆಯಿಂದ ವಿಶೇಷ ಅಧಿಕಾರ ಪಡೆದ ಸಂಸ್ಥೆ ಮಾತ್ರ ಪದವಿ ನೀಡಬಹುದು. ಆದುದರಿಂದ ಖಾಸಗಿ ಕಲಾಶಾಲೆಯೊಂದು ಯಾವ ವಿಶ್ವವಿದ್ಯಾಲಯಕ್ಕೂ ಸಂಯೋಜಿತವಾಗಿರದಿದ್ದರೆ, ಅದರ ಶಿಕ್ಷಣ ಎಷ್ಟೇ ಉತ್ತಮವಾಗಿದ್ದರೂ ಅಲ್ಲಿನ ಪ್ರಮಾಣಪತ್ರ ಪದವಿಯೆನಿಸುವುದಿಲ್ಲ. ಸಂಗೀತದ ಜೂನಿಯರ್, ಸೀನಿಯರ್ ಮತ್ತು ವಿದ್ವತ್ ಪರೀಕ್ಷೆಗಳೂ ಪದವಿ ವ್ಯಾಸಂಗಕ್ಕಿಂತ ಭಿನ್ನವಾದವು.

ಡಿಪ್ಲೊಮಾ ಎಂದ ಮಾತ್ರಕ್ಕೆ ಅದು ಕೀಳೆಂದು ಭಾವಿಸುವಂತಿಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯು ಮೂರು ವರ್ಷಗಳ ಡಿಪ್ಲೊಮಾವನ್ನೇ ನೀಡುತ್ತದೆ. ಆದರೆ ಅಲ್ಲಿನ ಪ್ರವೇಶಕ್ಕೆ ಯಾವುದಾದರೂ ವಿಷಯದಲ್ಲಿ ಪದವಿ ಪಡೆದಿರಬೇಕು. ಕಾಲೇಜು ಅಧ್ಯಾಪಕರಾಗಲು ಬಯಸುವವರು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಗೆ ಸ್ನಾತಕೋತ್ತರ ಪದವಿ ಅಥವಾ ಅದಕ್ಕೆ ಸಮಾನವೆಂದು ಮಾನ್ಯವಾದ ಅರ್ಹತೆ ಅಗತ್ಯ.

ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

- ಸಂಯೋಜನೆ: ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿದೆ, ಆ ವಿಶ್ವವಿದ್ಯಾಲಯವು ಅನುದಾನ ಆಯೋಗದ ಪಟ್ಟಿಯಲ್ಲಿದೆಯೇ ಎಂಬುದನ್ನು ಪರಿಶೀಲಿಸಬೇಕು. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಆಯೋಗವು ಪ್ರಕಟಿಸುತ್ತದೆ.
- ಅವಧಿ: ದೃಶ್ಯಕಲಾ ಪದವಿಯು ಸಾಮಾನ್ಯವಾಗಿ ನಾಲ್ಕು ವರ್ಷಗಳದು. ಆರಂಭದಲ್ಲಿ ಮೂಲಪಾಠಗಳಿದ್ದು, ಅನಂತರ ವಿಶೇಷ ವಿಷಯದ ಅಭ್ಯಾಸ ನಡೆಯುತ್ತದೆ.
- ವಿಶೇಷ ವಿಷಯ: ಶಿಲ್ಪಕಲೆ, ಮುದ್ರಣಕಲೆ, ಅನ್ವಯಿಕ ಕಲೆ ಮೊದಲಾದ ವಿಭಾಗಗಳು ಎಲ್ಲ ಕಾಲೇಜುಗಳಲ್ಲಿಯೂ ಇರುವುದಿಲ್ಲ. ಸಂಗೀತದಲ್ಲಿ ಕರ್ನಾಟಕ ಹಾಗೂ ಹಿಂದೂಸ್ತಾನಿ ಪದ್ಧತಿಗಳಲ್ಲಿ ಯಾವುದನ್ನು ಕಲಿಸಲಾಗುತ್ತದೆ ಎಂಬುದೂ ಮುಖ್ಯ.
- ಸೌಲಭ್ಯ: ಕಾರ್ಯಾಗಾರ, ಮುದ್ರಣಯಂತ್ರ, ಕುಲುಮೆ, ರಂಗಮಂದಿರ, ವಾದ್ಯಗಳು ಮತ್ತು ಪೂರ್ಣಾವಧಿ ಅಧ್ಯಾಪಕರು ಇರುವರೇ ಎಂಬುದನ್ನು ಸ್ವತಃ ನೋಡಿ ತಿಳಿಯುವುದು ಸೂಕ್ತ.
- ವೆಚ್ಚ: ಬೋಧನಾ ಶುಲ್ಕದ ಜೊತೆಗೆ ಬಣ್ಣ, ಕ್ಯಾನ್ವಾಸು, ವಾದ್ಯ, ವೇಷಭೂಷಣಗಳ ಖರ್ಚನ್ನೂ ವಿದ್ಯಾರ್ಥಿಯು ಭರಿಸಬೇಕಾಗುತ್ತದೆ.