ದಂತಾರೈಕೆ, ಸಾಕುನಾಯಿ ಮತ್ತು ಬೆಕ್ಕುಗಳ

ಸಾಕಿದ ನಾಯಿ, ಬೆಕ್ಕುಗಳ ಹಲ್ಲು, ವಸಡು ಮತ್ತು ದವಡೆಗಳನ್ನು ರೋಗದಿಂದ ಕಾಪಾಡುವ, ರೋಗ ಬಂದಾಗ ಚಿಕಿತ್ಸೆ ನೀಡುವ ಪಶುವೈದ್ಯಕೀಯ ಕ್ರಮ. ಬೆಳೆದ ನಾಯಿಗೆ 42, ಬೆಕ್ಕಿಗೆ 30 ಶಾಶ್ವತ ಹಲ್ಲುಗಳಿರುತ್ತವೆ. ಮನುಷ್ಯರಿಗೆ ಸಾಮಾನ್ಯವಾದ ಹುಳುಕು ಇವುಗಳಲ್ಲಿ ಅಪರೂಪ. ಹೆಚ್ಚಾಗಿ ಕಾಡುವುದು ವಸಡಿನ ರೋಗ. ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾಗಳ ಪದರ ಜೊಲ್ಲಿನ ಖನಿಜಾಂಶ ಸೇರಿ ಕೆಲವೇ ದಿನಗಳಲ್ಲಿ ಗಟ್ಟಿ ಪಾಚಿಯಾಗುತ್ತದೆ. ವಸಡಿನಡಿಗೆ ಇಳಿದ ಸೋಂಕು ಹಲ್ಲನ್ನು ಹಿಡಿದಿರುವ ಎಲುಬನ್ನೇ ಕರಗಿಸುತ್ತದೆ. ಹಲ್ಲುಗಳು ಇಕ್ಕಟ್ಟಾಗಿರುವ ಸಣ್ಣ ತಳಿಯ ನಾಯಿಗಳಿಗೆ ಅಪಾಯ ಹೆಚ್ಚು. ಬೆಕ್ಕುಗಳಲ್ಲಿ ಹಲ್ಲು ಒಳಗೊಳಗೇ ಕರಗುವ ನೋವಿನ ಬೇನೆಯೂ ಉಂಟು. ಪದರ ಇಷ್ಟು ಬೇಗ ಗಟ್ಟಿಯಾಗುವುದರಿಂದಲೇ ದಿನನಿತ್ಯ ಬ್ರಷ್ ಮಾಡುವುದು ಆರೈಕೆಯ ತಳಹದಿ. ಉಳಿದ ಉಪಾಯಗಳು ಅದಕ್ಕೆ ಪೂರಕ ಮಾತ್ರ.

ಕಾಡುಪ್ರಾಣಿಗಳು ಹಲ್ಲುಜ್ಜುವುದಿಲ್ಲ, ಮೂಳೆ ಕಡಿದರೆ ಸಾಕು ಎಂಬ ವಾದವಿದೆ. ಆದರೆ ತೋಳಗಳಲ್ಲೂ ಮುರಿದ, ಸವೆದ ಹಲ್ಲುಗಳು ಕಂಡುಬರುತ್ತವೆ. ಗಟ್ಟಿ ಮೂಳೆಯಿಂದ ಸಾಕುನಾಯಿಯ ಮೇಲ್ದವಡೆಯ ದೊಡ್ಡ ಹಲ್ಲು ಸೀಳುವುದುಂಟು. ಅರಿವಳಿಕೆಯ ಭಯದಿಂದ, ಪ್ರಾಣಿ ಎಚ್ಚರವಿರುವಾಗಲೇ ಪಾಚಿ ಕೆರೆಸುವವರೂ ಇದ್ದಾರೆ. ಭಯ ಸಹಜವೇ. ಆದರೂ ರೋಗ ಬೆಳೆಯುವುದು ವಸಡಿನ ಕೆಳಗೆ. ಮೇಲ್ಭಾಗ ಬೆಳ್ಳಗಾದರೆ ರೋಗ ಮರೆಯಾಗುತ್ತದೆಯೇ ಹೊರತು ಗುಣವಾಗುವುದಿಲ್ಲ. ಆಳದ ಶುಚಿ ಮತ್ತು ಕ್ಷಕಿರಣ ಪರೀಕ್ಷೆಗೆ ಅರಿವಳಿಕೆ ಅನಿವಾರ್ಯ. ಮುಂಚಿತ ರಕ್ತಪರೀಕ್ಷೆ ಮತ್ತು ನಿಗಾದಿಂದ ಅದರ ಅಪಾಯ ತಗ್ಗುತ್ತದೆ. ಬಾಯಿಯ ದುರ್ವಾಸನೆ, ವಸಡಿನ ರಕ್ತಸ್ರಾವ, ಒಂದೇ ಬದಿಯಲ್ಲಿ ಅಗಿಯುವುದು ರೋಗಲಕ್ಷಣಗಳು. ಮನುಷ್ಯರ ಟೂತ್‌ಪೇಸ್ಟ್ ಬಳಸಬಾರದು; ಕೆಲವುಗಳಲ್ಲಿರುವ ಕ್ಸೈಲಿಟಾಲ್ ನಾಯಿಗಳಿಗೆ ವಿಷ.